ಪೀಪಾಯಿ ಒಬ್ರಾದನ ಎದೆಯ ಕಪ್ಪು ಚುಕ್ಕೆ

ಆಸ್ಪತ್ರೆಯ ಲಕೋಟೆ ರೋಗಿಯ ಹೆಸರಿಗೆ ಬರುತ್ತದೆ. ಒಡೆಯುವವರು ಮಾತ್ರ ಮನೆಯವರು. ಸೆರ್ಬಿಯಾದ ಹಳ್ಳಿಗಳಲ್ಲಿ ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ, ಪ್ರೀತಿ ಎನ್ನುತ್ತಾರೆ. ಆ ಪ್ರೀತಿ ಒಬ್ಬ ಮನುಷ್ಯನನ್ನು ಎಲ್ಲಿಯವರೆಗೆ ತಳ್ಳಿತು ಅಂತ ಕೇಳಿ.

ದುಬೊವಾ ಎಂಬ ಊರಿನ ಒಬ್ರಾದ್ ಪೀಪಾಯಿ ಕಟ್ಟುವವನು. ಅರವತ್ತೇಳು ವರ್ಷ. ಸುತ್ತಲಿನ ಏಳು ಹಳ್ಳಿಯವರು ಪ್ಲಮ್ ಹಣ್ಣಿನಿಂದ ಇಳಿಸುವ ರಾಕಿಯಾ ಮದ್ಯ ಮಾಗುವುದು ಅವನು ಕಟ್ಟಿದ ಓಕ್ ಪೀಪಾಯಿಗಳಲ್ಲೇ. ಈ ವರ್ಷದ ಬೇಸಿಗೆಯಲ್ಲಿ ಅವನಿಗೆ ಮೂತ್ರದ ತೊಂದರೆ ಶುರುವಾಗಿ, ಪಟ್ಟಣದ ಡಾಕ್ಟರು ಪರೀಕ್ಷೆ ಮಾಡಿ, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಅವನ ಮುಖಕ್ಕೇ ಹೇಳಿದ್ದರು. ಗ್ರಂಥಿಯೊಳಗೇ ಇದ್ದರೆ ವಿಕಿರಣ ಕೊಟ್ಟು ಬೇರುಸಹಿತ ಕೀಳಬಹುದು, ಎಲುಬಿಗೆ ಇಳಿದಿದ್ದರೆ ದಾರಿಯೇ ಬೇರೆ, ಅದಕ್ಕೆ ಮೊದಲು ಎಲುಬಿನ ಸ್ಕ್ಯಾನ್ ಆಗಲಿ, ಆಮೇಲೆ ವೈದ್ಯರ ಮಂಡಳಿ ಕೂತು ತೀರ್ಮಾನಿಸುತ್ತದೆ ಎಂದಿದ್ದರು. ಒಬ್ರಾದ್ ಟೋಪಿ ತಲೆಗೆ ಹಾಕಿಕೊಂಡು, ಏನು ಮಾಡುವುದಿದ್ದರೂ ಪ್ಲಮ್ ಕಾಲದೊಳಗೆ ಮುಗಿಸಿ, ಜನ ಪೀಪಾಯಿಗೆ ಕಾಯುತ್ತಾರೆ ಎಂದಷ್ಟೇ ಹೇಳಿ ಎದ್ದು ಬಂದಿದ್ದ.

ಸ್ಕ್ಯಾನ್ ಆಯಿತು. ನರಕ್ಕೆ ಒಂದು ಸೂಜಿಮದ್ದು ಕೊಟ್ಟು, ಮೂರು ಗಂಟೆ ಕಾಯಿಸಿ, ಯಂತ್ರದ ಕೆಳಗೆ ಮಲಗಿಸಿದರು. ವಾರ ಕಳೆದು ಮಂಗಳವಾರ ಲಕೋಟೆ ಕೊಟ್ಟಾಗ ಜೊತೆಗೆ ಹೋಗಿದ್ದವಳು ಮಗಳು ಯೆಲಿಕಾ. ಆ ಮನೆಯ ಕಾಗದಪತ್ರವೆಲ್ಲ ಅವಳ ಕೈಯಲ್ಲೇ. ಅಂಚೆ ಕಚೇರಿಯಲ್ಲಿ ಕೆಲಸ, ಊರಿನ ಅರ್ಧ ಜನಕ್ಕೆ ಅರ್ಜಿ ಬರೆದುಕೊಡುವವಳು. ತನಗೆ ಓದಿ ತಿಳಿಯದ ಕಾಗದವೇ ಇಲ್ಲ ಎಂಬ ಧೈರ್ಯ ಅವಳಿಗೆ. ಅಪ್ಪನನ್ನು ಕಾಫಿ ಕುಡಿದು ಬಾ ಎಂದು ಕೆಳಗೆ ಕಳಿಸಿ, ಕಿಟಕಿಯ ಬಳಿ ನಿಂತು ಲಕೋಟೆ ಒಡೆದಳು.

ಒಳಗೆ ಒಂದು ಚಿತ್ರವಿತ್ತು. ಬೆಳ್ಳನೆಯ ಹಾಳೆಯ ಮೇಲೆ ಮನುಷ್ಯನ ಅಸ್ಥಿಪಂಜರ, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಸೊಂಟದ ಹತ್ತಿರ ಕಪ್ಪು, ಎರಡೂ ಮಂಡಿ ಕಪ್ಪು, ಬಲ ಭುಜ ಕಪ್ಪು, ಎಡಗಡೆಯ ಎರಡು ಪಕ್ಕೆಲುಬಿನ ಮೇಲೆ ಮಸಿಬೊಟ್ಟಿನಂತೆ ಎರಡು ಚುಕ್ಕೆ, ನಡು ಎದೆಯಲ್ಲಿ ಒಂದು. ಕಾಗದದಲ್ಲಿ ಇಷ್ಟೂ ಜಾಗಗಳ ಹೆಸರು ಬರೆದು, ಬಹುತೇಕ ಕೀಲು ಸವೆತದಿಂದ ಬಂದದ್ದಿರಬಹುದು, ಎದೆಯ ಚುಕ್ಕೆ ಮಾತ್ರ ಗ್ರಂಥಿಯ ರೋಗ ಹರಡಿದ್ದಲ್ಲ ಎಂದು ಖಚಿತವಾಗಿ ಹೇಳಲಾಗದು, ಸಿ.ಟಿ. ಸ್ಕ್ಯಾನ್ ಮಾಡಿಸಬೇಕು, ರೋಗಿಯ ಹಳೆಯ ಪೆಟ್ಟು ಮತ್ತು ಕೆಲಸದ ವಿವರ ಪಡೆಯಬೇಕು ಎಂದಿತ್ತು.

ಯೆಲಿಕಾ ಎಲ್ಲವನ್ನೂ ಓದಿದಳು. ಅವಳ ಕಣ್ಣು ಹಿಡಿದುಕೊಂಡದ್ದು ಒಂದೇ ಸಾಲನ್ನು. ಉಳಿದದ್ದೆಲ್ಲ ಡಾಕ್ಟರು ಮನೆಯವರ ಮನಸ್ಸಿಗೆ ಪೆಟ್ಟಾಗದಿರಲೆಂದು ಮರ್ಯಾದೆಗೆ ಬರೆದದ್ದು ಎಂದು ಅವಳೇ ತೀರ್ಮಾನಿಸಿದಳು. ಇಷ್ಟು ಕಡೆ ಕಪ್ಪಾಗಿರುವಾಗ ಸವೆತವಂತೆ, ಯಾರ ಕಿವಿಗೆ ಹೂವು. ಚಿತ್ರವನ್ನು ಮಡಿಸಿ ಚೀಲದ ತಳಕ್ಕೆ ತುರುಕಿದಳು.

ಅಪ್ಪ ಮೇಲೆ ಬಂದು ಏನಂತೆ ಎಂದು ಕೇಳಿದ.

‘‘ಏನಿಲ್ಲಪ್ಪ. ಕೀಲುವಾತ ಅಂತೆ. ವರ್ಕ್‌ಶಾಪಿನ ಎರಡೂ ಬಾಗಿಲು ತೆಗೆದಿಟ್ಕೊಂಡು ಗಾಳಿಗೆ ಕೂರ್ತೀಯಲ್ಲ, ಅದಕ್ಕೆ.’’

‘‘ಮಂಡಳಿ?’’

‘‘ಮುಂದಕ್ಕೆ ಹಾಕಿದ್ದಾರಂತೆ. ಕಾಗದ ಬರುತ್ತೆ.’’

ಮಂಡಳಿ ಮುಂದಕ್ಕೆ ಹೋಗಿರಲಿಲ್ಲ. ಮುಂದಿನ ವಾರದ ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ ಇತ್ತು. ಒಂಬತ್ತು ದಿನ.

ಮನೆಗೆ ಬಂದು ಅವಳು ತಾಯಿ ಸ್ತಾನಾಳನ್ನು ಕೋಳಿಗೂಡಿನ ಹಿಂದೆ ಕರೆದು ಹೇಳಿದಳು. ಸ್ತಾನಾ ಅಳಲಿಲ್ಲ. ಸೊಂಟಕ್ಕೆ ಕಟ್ಟಿದ ಏಪ್ರನ್ನಿಗೆ ಕೈ ಒರೆಸಿದಳು, ಮತ್ತೆ ಒರೆಸಿದಳು, ಒಣಗಿದ ಕೈಯನ್ನೇ ಒರೆಸುತ್ತ ನಿಂತಳು. ಕೊನೆಗೆ, ಅವರಿಗೆ ಹೇಳಬೇಡ, ಈ ವರ್ಷದ ಪ್ಲಮ್ ಕಾಲ ನೋಡಿಕೊಳ್ಳಲಿ ಎಂದಳು. ಮಂಡಳಿಗೆ ಹೋದರೆ ಮುಖದ ಮೇಲೆ ಹೇಳಿಬಿಡುತ್ತಾರೆ, ಕೇಳಿದ ದಿನವೇ ಅವರು ಮುರಿದು ಬೀಳುತ್ತಾರೆ, ಅದಕ್ಕೆ ಮಂಡಳಿಯೇ ಬೇಡ. ತಾಯಿ ಮಗಳು ಹೀಗೆ ಕೋಳಿಗಳ ಎದುರು ನಿಂತು, ಬಿಳಿ ಕೋಟಿನ ಏಳು ಜನ ಕೂತು ಮಾಡಬೇಕಾದ ತೀರ್ಮಾನವನ್ನು ಕಾಲು ಗಂಟೆಯಲ್ಲಿ ಮುಗಿಸಿದರು.

ಮರುದಿನ, ಬುಧವಾರ, ಮೆಣಸಿನಕಾಯಿ ಸುಡುವ ದಿನ. ಸೆಪ್ಟೆಂಬರ್ ಬಂದರೆ ದುಬೊವಾದ ಪ್ರತಿ ಅಂಗಳದಲ್ಲೂ ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಚಳಿಗಾಲಕ್ಕೆ ಅಯ್ವಾರ್ ಚಟ್ನಿ ಕಾಯಿಸುತ್ತಾರೆ. ಪಕ್ಕದ ಮನೆಯ ದೊಬ್ರಿಲಾ ಚಾಕು ಹಿಡಿದು ಬಂದು ಕೂತಳು. ಸ್ತಾನಾಳ ಬಾಯಲ್ಲಿ ಎರಡನೆಯ ಬುಟ್ಟಿಯ ತನಕ ಗುಟ್ಟು ನಿಂತಿತು, ಮೂರನೆಯದಕ್ಕೆ ಹೊರಬಿತ್ತು.

ದೊಬ್ರಿಲಾಗೆ ಆಶ್ಚರ್ಯವೂ ಆಗಲಿಲ್ಲ. ತನ್ನ ಮೈದುನನ ಕಥೆ ತೆಗೆದಳು. ಅವನಿಗೂ ಎಲುಬಿಗೇ ಇಳಿದದ್ದು, ಪಟ್ಟಣಕ್ಕೆ ಎಳೆದಾಡಿದರು, ಚುಚ್ಚಿದರು, ಮೂರು ತಿಂಗಳಿಗೆ ಹೋದ.

‘‘ಕಪ್ಪು ಚುಕ್ಕೆ ಬಂತು ಅಂದ್ರೆ ಮುಗೀತು ಕಣೇ ಸ್ತಾನಾ. ಆಮೇಲೆ ಡಾಕ್ಟ್ರು ಮಾಡೋದೆಲ್ಲ ಡಾಕ್ಟ್ರ ಸಮಾಧಾನಕ್ಕೆ. ಮನುಷ್ಯ ತನ್ನ ಮನೇಲಿ, ತನ್ನ ಹಾಸಿಗೇಲಿ ಇರ್ಲಿ. ಹಂದಿ ಮಾಂಸ ಕೇಳಿದ್ರೆ ಹಂದಿ ಮಾಂಸ ಹಾಕು, ರಾಕಿಯಾ ಕೇಳಿದ್ರೆ ರಾಕಿಯಾ ಕೊಡು. ಕೆದಕೋಕೆ ಹೋಗ್ಬೇಡ.’’

ಅದನ್ನು ಅವಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಬದಿಯಲ್ಲಿ ಸಿಪ್ಪೆ ಸುಲಿಯುತ್ತಿದ್ದ ಯೆಲಿಕಾಗೆ ಅನುಮಾನವಿದ್ದ ಒಂದು ಚೂರು ಜಾಗವೂ ಮುಚ್ಚಿಹೋಯಿತು.

ಗುರುವಾರ ಸಂಜೆಯೊಳಗೆ ಊರಿಗೆಲ್ಲ ಗೊತ್ತು, ಒಬ್ರಾದನೊಬ್ಬನನ್ನು ಬಿಟ್ಟು. ಎದುರಿಗೆ ಸಿಕ್ಕವರು ಅವನ ಕೆನ್ನೆಗೆ ಮೂರು ಮೂರು ಸಲ ಮುತ್ತಿಟ್ಟರು. ಹತ್ತು ವರ್ಷದಿಂದ ಬೇಲಿಯ ವಿಷಯಕ್ಕೆ ಮಾತು ಬಿಟ್ಟಿದ್ದ ಎದುರುಮನೆಯವನು ಜೇನಿನ ಬಾಟಲಿ ತಂದುಕೊಟ್ಟ. ಆದರೆ ಒಬ್ಬನೂ ಪೀಪಾಯಿ ತರಲಿಲ್ಲ. ಪಾಪದ ಮನುಷ್ಯನಿಗೆ ಈ ಸ್ಥಿತಿಯಲ್ಲಿ ಕೆಲಸ ಕೊಡುವುದೇ ಎಂದು ಸೋರುವ ಪೀಪಾಯಿಗಳನ್ನು ಸದ್ದಿಲ್ಲದೆ ಬೇರೆ ಊರಿಗೆ ಸಾಗಿಸಿದರು. ಸೆಪ್ಟೆಂಬರ್ ತಿಂಗಳಲ್ಲಿ ಒಬ್ರಾದನ ಬಾಗಿಲಲ್ಲಿ ಒಂದು ಗಾಡಿಯೂ ಇಲ್ಲ. ಅವನು ಬೀದಿಯ ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಕರಿದ ಮಾಂಸ ನೋಡಿದ, ಹೆಂಡತಿಯ ಮುಖ ನೋಡಿದ.

‘‘ಇವತ್ತು ಯಾವ ಹಬ್ಬ?’’ ಎಂದ.

ಯಾವ ಹಬ್ಬವೂ ಅಲ್ಲ, ತಿನ್ನಿ ಎಂದಳು ಸ್ತಾನಾ. ಅವನು ಅರ್ಧ ತಿಂದು ಎದ್ದುಹೋದ. ಅಂದಿನಿಂದ ಅವನ ಊಟ ಕಡಿಮೆಯಾಯಿತು. ನೋಡು, ರೋಗ ತಿನ್ನುತ್ತಿದೆ ಎಂದು ತಾಯಿ ಮಗಳಿಗೆ ಕಣ್ಣಲ್ಲೇ ಹೇಳಿದಳು. ರೋಗ ಅಲ್ಲ, ಇವರ ಬಾಯಿ ಬೀಗ ಅವನನ್ನು ತಿನ್ನುತ್ತಿತ್ತು. ಅದನ್ನು ಹೇಳುವ ಒಂದು ಪ್ರಾಣಿಯೂ ಆ ಬೀದಿಯಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೊಸಾರಾ ಬಂದಳು. ಅವಳು ಮನೆಮನೆಗೆ ಹೋಗುವ ಸರ್ಕಾರಿ ನರ್ಸ್. ಸ್ತಾನಾಳ ಬಿ.ಪಿ. ನೋಡಲು ತಿಂಗಳಿಗೊಮ್ಮೆ ಬರುತ್ತಾಳೆ. ಪಟ್ಟಿ ಸುತ್ತಿ ಗಾಳಿ ತುಂಬಿದಳು, ಮುಳ್ಳು ನೋಡಿದಳು, ಮತ್ತೆ ತುಂಬಿದಳು. ಏನಾಗಿದೆ ನಿನಗೆ, ಕುದುರೆಗೂ ಇಷ್ಟು ಇರುವುದಿಲ್ಲ ಎಂದಳು. ಸ್ತಾನಾ ಈಗ ಅತ್ತಳು. ಯೆಲಿಕಾ ಚೀಲದ ತಳದಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು, ಹೆಣದ ಮೇಲಿನ ಬಟ್ಟೆ ಸರಿಸುವವಳ ಹಾಗೆ.

ಕೊಸಾರಾ ಕಾಗದವನ್ನು ಕೊನೆಯ ಸಾಲಿನ ತನಕ ಓದಿದಳು. ಓದಿ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಸಿ.ಟಿ. ಯಾವತ್ತು?

ಸಿ.ಟಿ. ಇಲ್ಲ, ಮಂಡಳಿಗೂ ಕಳಿಸುವುದಿಲ್ಲ ಎಂದಳು ಯೆಲಿಕಾ. ಕೊಸಾರಾ ಕುರ್ಚಿ ಎಳೆದುಕೊಂಡು ಕೂತಳು. ಕೋಪ ಬಂದರೆ ಅವಳು ದನಿ ತಗ್ಗಿಸುತ್ತಾಳೆ.

‘‘ಯೆಲಿಕಾ, ಇದ್ರಲ್ಲಿ ಎಲ್ಲಿ ಬರ್ದಿದೆ ಎಲುಬಿಗೆ ಇಳಿದಿದೆ ಅಂತ? ತೋರ್ಸು. ಬೆರಳಿಟ್ಟು ತೋರ್ಸು.’’

ಯೆಲಿಕಾ ಆ ಸಾಲಿನ ಮೇಲೆ ಬೆರಳಿಟ್ಟಳು. ಖಚಿತವಾಗಿ ಹೇಳಲಾಗದು.

‘‘ಹೇಳಕ್ಕಾಗಲ್ಲ ಅಂತ ಡಾಕ್ಟ್ರು ಬರ್ದಿದ್ದಾರೆ. ಹದಿನೈದು ವರ್ಷ ಓದಿದೋರು ಹೇಳಕ್ಕಾಗಲ್ಲ ಅಂದಿದ್ದನ್ನ ಅಂಚೆ ಕಚೇರಿಯೋಳು ಹೇಳ್ಬಿಟ್ಲು. ಚೆನ್ನಾಗಿದೆ.’’

ಅಷ್ಟು ಹೊತ್ತಿಗೆ ಬೇಲಿಯ ಆಚೆಯಿಂದ ದೊಬ್ರಿಲಾ ಬಂದು ಬಾಗಿಲಲ್ಲಿ ನಿಂತಿದ್ದಳು. ಮೈಯೆಲ್ಲ ಕಪ್ಪಾಗಿದೆಯಂತಲ್ಲ, ಅದಕ್ಕೇನು ಹೇಳ್ತೀಯ ಎಂದು ಕೇಳಿದಳು.

ಕೊಸಾರಾ ಅವಳನ್ನು ಕೈಹಿಡಿದು ಅಂಗಳಕ್ಕೆ ಕರೆತಂದಳು. ಇಳಿಜಾರಿನ ಕೆಳಗೆ ದುಬೊವಾ ಪೂರ್ತಿ ಕಾಣುತ್ತಿತ್ತು. ಹತ್ತು ಹನ್ನೆರಡು ಕಡೆ ಹೊಗೆ ಏಳುತ್ತಿತ್ತು.

‘‘ಇಲ್ಲಿ ನಿಂತು ಹೇಳು ದೊಬ್ರಿಲಕ್ಕ. ಅದ್ರಲ್ಲಿ ಯಾವುದು ಮೆಣಸಿನಕಾಯಿ ಸುಡೋ ಹೊಗೆ, ಯಾವುದು ಮನೆಗೆ ಬೆಂಕಿ ಬಿದ್ದಿರೋ ಹೊಗೆ?’’

‘‘ಇಲ್ಲಿಂದ ಹೆಂಗೆ ಗೊತ್ತಾಗುತ್ತೆ. ಹತ್ರ ಹೋಗಿ ನೋಡ್ಬೇಕು.’’

‘‘ಆ ಸ್ಕ್ಯಾನೂ ಗುಡ್ಡದ ಮೇಲೆ ನಿಂತು ನೋಡಿದಂಗೆ ಅಷ್ಟೇ. ಎಲುಬು ಎಲ್ಲೆಲ್ಲಿ ರಿಪೇರಿ ಮಾಡ್ಕೊತಿದ್ಯೋ ಅಲ್ಲೆಲ್ಲ ಆ ಸೂಜಿಮದ್ದು ಹೋಗಿ ಸೇರ್ಕೊಳುತ್ತೆ. ಕೀಲು ಸವೆದಿದ್ರೂ ಸೇರುತ್ತೆ, ಹಳೇ ಪೆಟ್ಟಿಗೂ ಸೇರುತ್ತೆ, ಕ್ಯಾನ್ಸರಿದ್ರೂ ಸೇರುತ್ತೆ. ಹತ್ರ ಹೋಗಿ ನೋಡೋಕೆ ಇರೋದೇ ಸಿ.ಟಿ.’’

ಹಾಗಾದರೆ ಕ್ಯಾನ್ಸರ್ ಅಲ್ಲವೇ ಎಂದು ಸ್ತಾನಾ ಆಸೆಯಿಂದ ಕೇಳಿದಳು. ಕೊಸಾರಾ ಆ ಆಸೆಯನ್ನೂ ಪೂರ್ತಿ ಕೊಡಲಿಲ್ಲ. ನನಗೆ ಗೊತ್ತಿಲ್ಲ ಎಂದಳು. ನಿನಗೂ ಗೊತ್ತಿಲ್ಲ, ದೊಬ್ರಿಲಕ್ಕನಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ನೀವು ಅವರ ಚಿಕಿತ್ಸೆ ನಿಲ್ಲಿಸಿದ್ದೀರಿ. ಗ್ರಂಥಿಯೊಳಗಿನ ರೋಗ ಮಾತ್ರ ನಿಜವಾಗಿ ಇದೆ, ನೀವು ಬಾಯಿಮುಚ್ಚಿಕೊಂಡು ಕಾಯುವ ದಿನವೆಲ್ಲ ಅದಕ್ಕೆ ಕೊಟ್ಟ ದಿನ. ಇಷ್ಟು ಹೇಳಿ ಬಿ.ಪಿ. ಪಟ್ಟಿ ಮಡಿಸಿ, ನಾಳೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಓದಿದ ಡಾಕ್ಟರನ್ನೇ ಕಾಣುವ ಏರ್ಪಾಟು ನಾನು ಫೋನಿನಲ್ಲಿ ಮಾಡುತ್ತೇನೆ, ಆದರೆ ಒಬ್ರಾದನಿಗೆ ವಿಷಯ ತಿಳಿದಿರಬೇಕು, ಕಣ್ಣುಕಟ್ಟಿ ಕರೆತರಬೇಡಿ ಎಂದು ಹೊರಟಳು.

ಹೇಳುವ ಕೆಲಸ ಯೆಲಿಕಾಗೆ ಬಿತ್ತು. ಅವಳು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಾಗ ಒಬ್ರಾದ್ ಯಾರೂ ಕೇಳದ ಒಂದು ಪೀಪಾಯಿಗೆ ಹಲಗೆ ಹೆರೆಯುತ್ತಿದ್ದ. ಕೈ ಸುಮ್ಮನಿರಲಾರದೆ ಮಾಡುವ ಕೆಲಸ. ಅವಳು ಬಾಗಿಲಿಗೆ ಒರಗಿ, ನೆಲ ನೋಡುತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೀಲುವಾತ ಎಂದದ್ದು ತಾನು ಕಟ್ಟಿದ ಸುಳ್ಳು. ಮಂಡಳಿ ಮುಂದಕ್ಕೆ ಹೋಗಿದ್ದೂ ಸುಳ್ಳು. ಚಿತ್ರದಲ್ಲಿ ಕಪ್ಪು ಚುಕ್ಕೆಗಳಿವೆ. ಎದೆಯಲ್ಲಿರುವುದು ಏನೆಂದು ಡಾಕ್ಟರಿಗೂ ಗೊತ್ತಿಲ್ಲ.

ಒಬ್ರಾದ್ ಹೆರೆಯುವುದನ್ನು ನಿಲ್ಲಿಸಿದ.

‘‘ದೊಬ್ರಿಲಾಗೆ ಗೊತ್ತಾ?’’

‘‘ಗೊತ್ತು.’’

‘‘ಎದುರುಮನೆಯೋನಿಗೆ?’’

‘‘ಎಲ್ಲರಿಗೂ ಗೊತ್ತಪ್ಪ.’’

‘‘ನನ್ನ ಎಲುಬು. ಊರಿಗೆಲ್ಲ ಗೊತ್ತು, ನನಗೆ ಗೊತ್ತಿಲ್ಲ.’’ ಅವನು ಹೆರೆಯುವ ಕತ್ತಿಯನ್ನು ದಿಮ್ಮಿಯ ಮೇಲಿಟ್ಟ. ‘‘ನಾಲ್ಕು ದಿನದಿಂದ ಜನ ಯಾಕೆ ಮುತ್ತು ಕೊಡ್ತಾರೆ ಅಂತ ನಾನು ಏನೆಲ್ಲ ಯೋಚ್ನೆ ಮಾಡಿದೀನಿ ಗೊತ್ತಾ ಮಗನೇ? ನಿಮ್ಮಮ್ಮನಿಗೆ ಏನೋ ಆಗಿದೆ, ನನ್ನಿಂದ ಮುಚ್ಚಿಡ್ತಿದ್ದಾರೆ ಅಂದ್ಕೊಂಡಿದ್ದೆ.’’

ಆ ಸೀಮೆಯ ಅಪ್ಪಂದಿರು ಹೆಣ್ಣುಮಗಳನ್ನೂ ಮಗನೇ ಎಂದೇ ಕರೆಯುವುದು, ಅಕ್ಕರೆ ಉಕ್ಕಿದಾಗ. ಇವತ್ತು ಅದರಲ್ಲಿ ಅಕ್ಕರೆಗಿಂತ ಬಳಲಿಕೆ ಹೆಚ್ಚಿತ್ತು. ಯೆಲಿಕಾಗೆ ಬೈಗುಳವಾದರೂ ಬಂದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮಂಗಳವಾರ ಇಬ್ಬರೂ ಬಸ್ಸಿನಲ್ಲಿ ಹೋದರು. ಅಪ್ಪ ಎರಡು ಬೆರಳು ಎದೆಯ ನಡುವೆ ಒತ್ತಿಕೊಳ್ಳುತ್ತಿದ್ದ, ನೋಯುತ್ತದೆಯೇ ಎಂದು ನೋಡುವವನಂತೆ. ಹಿಂದೆ ಎಂದೂ ಹಾಗೆ ಒತ್ತಿಕೊಂಡವನಲ್ಲ. ಯೆಲಿಕಾ ಕಿಟಕಿಯ ಹೊರಗೆ ನೋಡಿದಳು.

ಸ್ಕ್ಯಾನ್ ಓದುವ ಡಾಕ್ಟರ್ ಇಸಿದೋರಾ ಸಣ್ಣ ಕೋಣೆಯಲ್ಲಿ ಎರಡು ಪರದೆಗಳ ಮುಂದೆ ಕೂತಿದ್ದರು. ಇಷ್ಟು ವರ್ಷದಲ್ಲಿ ರೋಗಿಗಳು ತನ್ನ ಕೋಣೆಗೆ ಬಂದದ್ದು ಕಡಿಮೆ, ಬರೀ ಅವರ ಎಲುಬುಗಳೇ ಬರುವುದು, ಕುಳಿತುಕೊಳ್ಳಿ ಎಂದರು. ಚಿತ್ರವನ್ನು ದೊಡ್ಡದು ಮಾಡಿ, ಒಬ್ರಾದನ ಕಡೆಗೇ ಪರದೆ ತಿರುಗಿಸಿದರು. ಯೆಲಿಕಾ ಕುರ್ಚಿಯ ಅಂಚಿನಲ್ಲಿ ಕೂತಳು.

ಸೊಂಟದ ಕಪ್ಪು ಬೆನ್ನುಮೂಳೆಯ ಕೀಲುಗಳ ಮೇಲೇ ಕೂತಿದೆ, ಎಡಕ್ಕೂ ಬಲಕ್ಕೂ. ಮಂಡಿಯೂ ಜೋಡಿ, ಭುಜದ್ದೂ ಕೀಲಿನ ಅಂಚು. ಸವೆತ ಸಾಮಾನ್ಯವಾಗಿ ಕೀಲು ಹುಡುಕಿಕೊಂಡು ಕೂರುತ್ತದೆ. ಕ್ಯಾನ್ಸರಿಗೆ ಅಂಥ ಲೆಕ್ಕವಿಲ್ಲ, ಎರಚಿದ ಕಾಳಿನಂತೆ ಕೀಲಲ್ಲದ ಕಡೆಯೂ ಬೀಳುತ್ತದೆ. ಹೀಗೆ ಒಂದೊಂದನ್ನೂ ಬೆರಳಿಟ್ಟು ಹೇಳುತ್ತ ಅವರು ಪಕ್ಕೆಲುಬಿಗೆ ಬಂದರು. ಒಂದರ ಕೆಳಗೆ ಒಂದು, ದಾರ ಹಿಡಿದಂತೆ ನೇರಕ್ಕೆ ಎರಡು ಚುಕ್ಕೆ.

‘‘ಇವು ಬಿದ್ದ ಪೆಟ್ಟಿನ ಹಾಗಿವೆ. ಯಾವಾಗ ಬಿದ್ರಿ?’’

ಒಬ್ರಾದ್ ಮಗಳ ಕಡೆ ಒಂದು ಸಲ ನೋಡಿದ. ಏಪ್ರಿಲಿನಲ್ಲಿ, ಪೀಪಾಯಿ ಇಳಿಸುವಾಗ ಟ್ರ್ಯಾಕ್ಟರಿನಿಂದ ಬಿದ್ದದ್ದು ಎಂದು ಒಪ್ಪಿಕೊಂಡ. ಎರಡು ವಾರ ಉಸಿರೆಳೆದರೆ ನೋವಿತ್ತು. ಮನೆಯಲ್ಲಿ ನೆಗಡಿ ಎಂದಿದ್ದ. ಹೇಳಿದ್ದರೆ ಹೆಂಡತಿ ಕೆಲಸಕ್ಕೆ ಬಿಡುತ್ತಿರಲಿಲ್ಲ.

ಆ ಮನೆಯಲ್ಲಿ ಮುಚ್ಚಿಡುವ ಕಲೆ ಒಬ್ಬರಿಗೇ ಗೊತ್ತಿದ್ದದ್ದಲ್ಲ.

ಕೊನೆಗೆ ಎದೆ. ಡಾಕ್ಟರ್ ಇಲ್ಲಿ ನಿಧಾನವಾದರು. ಎದೆಯ ನಡುವಿನ ಎಲುಬು, ಒಂಟಿ ಚುಕ್ಕೆ. ಈ ಗ್ರಂಥಿಯ ರೋಗ ಇಂಥ ಜಾಗಕ್ಕೂ ಹೋಗುತ್ತದೆ, ಅದಕ್ಕೇ ತಾನು ಹಾಗೆ ಬರೆದದ್ದು ಎಂದರು. ಆಮೇಲೆ ಕೇಳಿದರು, ನೀವು ಮಾಡುವ ಕೆಲಸ ಯಾವುದು, ಹೇಗೆ ಮಾಡುತ್ತೀರಿ?

ಒಬ್ರಾದ್ ಎದ್ದು ನಿಂತ. ಮಾತಿನಲ್ಲಿ ಹೇಳಲು ಬರಲಿಲ್ಲ, ಮಾಡಿ ತೋರಿಸಿದ. ಓಕ್ ಹಲಗೆಯ ಒಂದು ತುದಿ ದಿಮ್ಮಿಗೆ, ಇನ್ನೊಂದು ತುದಿ ಎದೆಗೆ. ಎದೆಯಿಂದ ಒತ್ತಿ ಹಿಡಿದು, ಎರಡು ಹಿಡಿಯ ಕತ್ತಿಯನ್ನು ತನ್ನ ಕಡೆಗೇ ಎಳೆಯುವುದು. ಅವನು ಬೆರಳಿಟ್ಟ ಜಾಗ ಪರದೆಯ ಮೇಲಿನ ಕಪ್ಪು ಚುಕ್ಕೆಯ ಜಾಗವೇ.

‘‘ಎಷ್ಟು ವರ್ಷ?’’

‘‘ನಲವತ್ತೊಂಬತ್ತು. ಮೊದಲು ಚರ್ಮದ ಮೆತ್ತೆ ಕಟ್ಕೋತಿದ್ದೆ. ಅದು ಹರಿದ್ಮೇಲೆ ಹಾಗೇ.’’

ಯೆಲಿಕಾ ಹುಟ್ಟಿದಾಗಿನಿಂದ ಅದನ್ನು ನೋಡಿದ್ದಾಳೆ. ನಿನ್ನೆ ಬಾಗಿಲಲ್ಲಿ ನಿಂತು ಸುದ್ದಿ ಹೇಳುವಾಗಲೂ ಹಲಗೆಯ ತುದಿ ಅಪ್ಪನ ಎದೆಗೇ ಒತ್ತಿಕೊಂಡಿತ್ತು. ಕಾಗದದಲ್ಲಿ ಕೆಲಸದ ವಿವರ ಪಡೆಯಬೇಕು ಎಂದು ಬರೆದಿತ್ತು. ಆ ವಿವರವನ್ನು ಸರಿಯಾಗಿ ಹೇಳಬಲ್ಲವನು ಇಡೀ ಊರಿನಲ್ಲಿ ಒಬ್ಬನೇ, ಅವನೊಬ್ಬನನ್ನೇ ಯಾರೂ ಕೇಳಿರಲಿಲ್ಲ.

ಎದೆ ಎಲುಬಿನಲ್ಲೂ ಅಲ್ಲಿ ಒಂದು ಕೀಲಿದೆ ಎಂದರು ಡಾಕ್ಟರ್. ಮೇಲಿನ ತುಂಡು ಕೆಳಗಿನ ತುಂಡಿಗೆ ಸೇರುವ ಜಾಗ. ನೀವು ತೋರಿಸಿದ್ದಕ್ಕೂ ಚಿತ್ರಕ್ಕೂ ಹೊಂದುತ್ತದೆ. ಯೆಲಿಕಾ ಉಸಿರು ಬಿಡುವಷ್ಟರಲ್ಲಿ ಅವರು ಕೈ ಎತ್ತಿದರು.

‘‘ನಿಲ್ಲಿ. ಹೊಂದುತ್ತೆ ಅಂದೆ, ಅದೇ ಅಂತ ಅಂದಿಲ್ಲ. ನಿಮ್ಮ ಕಥೆ ಕೇಳಿ ನಾನು ಸಹಿ ಹಾಕಲ್ಲ. ಸಿ.ಟಿ. ಆಗ್ಲಿ.’’

ಸಿ.ಟಿ.ಗೆ ಸಿಕ್ಕ ದಿನ ಶುಕ್ರವಾರ. ಮಂಡಳಿ ಗುರುವಾರ. ಡಾಕ್ಟರ್ ಫೋನ್ ಮಾಡಿ ಒಬ್ರಾದನ ಹೆಸರನ್ನು ಒಂದು ವಾರ ಮುಂದಕ್ಕೆ ಹಾಕಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಪ್ಪ ಅಂದ:

‘‘ಮಂಡಳಿ ಮುಂದಕ್ಕೆ ಹೋಯ್ತು ಅಂತ ಸುಳ್ಳು ಹೇಳಿದ್ದೆ, ನಿಜ ಆಯ್ತು. ಕೀಲುವಾತ ಅಂದ ಸುಳ್ಳೂ ಒಂದಿದೆ. ಅದೂ ನಿಜ ಆಗ್ಲಿ ಅಂತ ದೇವರನ್ನ ಕೇಳು ಮಗನೇ.’’

ಅವಳು ನಗಲು ಹೋದಳು. ಆಗಲಿಲ್ಲ.

ಶುಕ್ರವಾರ ಸಿ.ಟಿ. ಆಯಿತು. ಫಲಿತಾಂಶ ಬುಧವಾರ. ಆ ಐದು ದಿನ ಮನೆಯಲ್ಲಿ ಗುಟ್ಟಿರಲಿಲ್ಲ, ಭಯ ಮಾತ್ರ ಇತ್ತು. ಗುಟ್ಟಿಲ್ಲದ ಭಯವನ್ನು ಮೂವರೂ ಕೂತು ಹಂಚಿಕೊಳ್ಳಬಹುದು, ಅಷ್ಟೇ ವ್ಯತ್ಯಾಸ. ಸ್ತಾನಾ ಗಂಡನ ಎದೆಗೆ ಹಳೆಯ ಕೋಟಿನಿಂದ ಹೊಸ ಮೆತ್ತೆ ಹೊಲಿದಳು. ಹೊಲಿಯುತ್ತ, ಅದೇ ಆಗಿದ್ದರೆ ಏನು ಮಾಡುವುದು ಎಂದು ಕೇಳಿದಳು. ಅದೇ ಆಗಿದ್ದರೆ ಅದಕ್ಕೆ ಬೇರೆ ಮದ್ದಿದೆಯಂತೆ, ಡಾಕ್ಟರನ್ನು ನಾನೇ ಕೇಳಿದ್ದೇನೆ ಎಂದ ಒಬ್ರಾದ್. ತಾಯಿ ಮಗಳಿಬ್ಬರಿಗೂ ಅದನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಮಂಗಳವಾರ ಅವನು ಎರಡು ಸಲ ಗಡ್ಡ ಹೆರೆದುಕೊಂಡ.

ಬುಧವಾರ ಲಕೋಟೆಯನ್ನು ಅವನೇ ಒಡೆದ. ಓದದೆ, ನೇರ ಡಾಕ್ಟರ ಮೇಜಿನ ಮೇಲಿಟ್ಟ. ಅವರು ಪರದೆಯಲ್ಲಿ ಎದೆಯ ಎಲುಬನ್ನು ಹತ್ತಿರದಿಂದ ತೋರಿಸಿದರು. ಕೀಲಿನ ಎರಡೂ ಅಂಚು ಸವೆದು ಮೊನಚಾಗಿ ಬೆಳೆದಿವೆ. ಎಲುಬನ್ನು ಒಳಗಿನಿಂದ ತಿಂದ ಗುರುತು ಎಲ್ಲೂ ಇಲ್ಲ. ಕೀಲುವಾತ.

ಒಬ್ರಾದ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ, ಅದರೊಳಗೆ ನೋಡುತ್ತ ಕೂತ. ಯೆಲಿಕಾ ಗೋಡೆಯ ಕಡೆ ತಿರುಗಿ ಅತ್ತಳು. ಮರುದಿನ ಮಂಡಳಿ ಕೂತು, ರೋಗ ಗ್ರಂಥಿಯ ಹೊರಗೆ ಹೋದ ಲಕ್ಷಣವಿಲ್ಲ ಎಂದು ವಿಕಿರಣ ಚಿಕಿತ್ಸೆಗೆ ಬರೆಯಿತು. ಅಕ್ಟೋಬರಿನಲ್ಲಿ ಶುರು. ಬೇಸಿಗೆಯಲ್ಲಿ ಡಾಕ್ಟರು ಹೇಳಿದ್ದ ಬೇರುಸಹಿತ ಕೀಳುವ ದಾರಿ ಅವನಿಗೆ ತೆರೆದೇ ಇತ್ತು. ತಾಯಿ ಮಗಳು ಅದರ ಬಾಗಿಲು ಮುಚ್ಚಲು ಹೊರಟಿದ್ದರು ಅಷ್ಟೇ.

ಊರಿಗೆ ಸುದ್ದಿ ಮುಟ್ಟಿದ ಸಂಜೆ ದೊಬ್ರಿಲಾ ಬಂದಳು. ಚಾಕು ಹಿಡಿದಿರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಯೆಲಿಕಾಳನ್ನು ಒಬ್ಬಳನ್ನೇ ಕರೆದು ರವಿಕೆಯೊಳಗಿನಿಂದ ಒಂದು ಲಕೋಟೆ ತೆಗೆದಳು. ಆಸ್ಪತ್ರೆಯದೇ. ಅವಳದೇ ಹೆಸರು. ಮೂರು ವರ್ಷದ ಹಿಂದೆ ಅವಳಿಗೆ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಈ ವಸಂತದಲ್ಲಿ ಸೊಂಟ ನೋವೆಂದು ಹೋದಾಗ ಎಲುಬಿನ ಸ್ಕ್ಯಾನ್ ಮಾಡಿದ್ದರು. ಎಡ ಸೊಂಟದಲ್ಲಿ ಒಂದು ಚುಕ್ಕೆ. ಬಂದು ಕಾಣಿ, ಇನ್ನೊಂದು ಪರೀಕ್ಷೆ ಬೇಕು ಎಂದು ಬರೆದಿತ್ತು.

‘‘ನಾನು ಯಾರಿಗೂ ಹೇಳ್ಲಿಲ್ಲ ಕಣೇ. ಮುಗೀತು ಅಂದ್ಕೊಂಡೆ.’’

ಏಪ್ರಿಲಿನಿಂದ ಸೆಪ್ಟೆಂಬರ್. ಐದು ತಿಂಗಳು ಆ ಲಕೋಟೆ ಹಿಟ್ಟಿನ ಡಬ್ಬದ ಹಿಂದೆ ಇತ್ತು. ಐದು ತಿಂಗಳು ಅವಳು ಎಲ್ಲರ ಅಂಗಳದಲ್ಲಿ ಕೂತು, ಚುಕ್ಕೆ ಬಂದರೆ ಮುಗಿಯಿತು ಎಂದು ಊರಿಗೆ ಹೇಳುತ್ತಿದ್ದದ್ದು ತನಗೇ ಹೇಳಿಕೊಳ್ಳುತ್ತಿದ್ದದ್ದು. ಯೆಲಿಕಾ ಈ ಸಲ ಲಕೋಟೆ ಓದಲಿಲ್ಲ. ಕೊಸಾರಾಗೆ ಫೋನ್ ಮಾಡಿದಳು.

ದೊಬ್ರಿಲಾದು ಕೀಲುವಾತ ಆಗಿರಲಿಲ್ಲ. ಹತ್ತಿರದಿಂದ ನೋಡಿದಾಗ ಅದು ಆ ಹಳೆಯ ರೋಗವೇ, ಒಂದೇ ಜಾಗದಲ್ಲಿ. ಎಲುಬು ಮುರಿಯದಂತೆ ವಿಕಿರಣ ಕೊಟ್ಟಿದ್ದಾರೆ, ದಿನಕ್ಕೊಂದು ಗುಳಿಗೆ ಇದೆ, ನೋವು ಅರ್ಧ ಇಳಿದಿದೆ. ಅವಳು ಈಗ ಕೋಲು ಹಿಡಿದು ಬೇಲಿಯ ತನಕ ಬರುತ್ತಾಳೆ. ಏಪ್ರಿಲಿನಲ್ಲೇ ಬಂದಿದ್ದರೆ ಕೋಲು ಬೇಕಾಗುತ್ತಿತ್ತೋ ಇಲ್ಲವೋ, ಅದನ್ನು ಅವಳು ಡಾಕ್ಟರನ್ನು ಕೇಳಿಲ್ಲ. ಡಾಕ್ಟರೂ ಹೇಳಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಸಂಘದಲ್ಲಿ ಕೂತು ಕೇಳುತ್ತಿರುವ ತಾಯಿ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಬೀರುವಿನ ಬಟ್ಟೆಯ ಕೆಳಗೆ, ದೇವರ ಪಟದ ಹಿಂದೆ ಇಂಥ ಒಂದು ಲಕೋಟೆ ಇದೆಯೇ? ಎಲುಬಿನ ಸ್ಕ್ಯಾನಿನಲ್ಲಿ ಕಪ್ಪಾಗಿ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಕಪ್ಪಾಗಿ ಕಂಡದ್ದೆಲ್ಲ ಬರೀ ವಾತವೂ ಅಲ್ಲ. ನೋಡಿ ಹೇಳುವವರು ಡಾಕ್ಟರು, ಪಕ್ಕದ ಮನೆಯವರಲ್ಲ, ಎರಡಕ್ಷರ ಓದಿದ ನೀವೂ ಅಲ್ಲ. ಹೋಗುವಾಗ ರೋಗಿಯನ್ನೇ ಮುಂದೆ ಕೂರಿಸಿ. ಹಿಂದೆ ಎಲ್ಲಿ ಬಿದ್ದದ್ದು, ಯಾವ ಕೆಲಸಕ್ಕೆ ಮೈಯ ಯಾವ ಭಾಗ ಕೊಟ್ಟದ್ದು, ಅವರ ಬಾಯಿಂದಲೇ ಹೇಳಿಸಿ. ಹಳೆಯ ಎಕ್ಸ್‌ರೇ, ಹಳೆಯ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ. ಇನ್ನೊಂದು ಸ್ಕ್ಯಾನ್ ಬೇಕೆಂದರೆ ಯಾಕೆ ಎಂದು ಕೇಳಿ, ಮಾಡಿಸಿ. ಬಂದ ಉತ್ತರ ಒಳ್ಳೆಯದಾದರೂ ಕೆಟ್ಟದಾದರೂ ಅದಕ್ಕೊಂದು ಮುಂದಿನ ಹೆಜ್ಜೆ ಇರುತ್ತದೆ. ಮುಚ್ಚಿಟ್ಟ ಲಕೋಟೆಗೆ ಯಾವ ಹೆಜ್ಜೆಯೂ ಇಲ್ಲ.

ಹೆದರಿಕೆ ಇದ್ದರೆ ಇರಲಿ. ಹೆದರಿಕೊಂಡೇ ಹೋಗಿ. ಆದರೆ ನಾಳೆಯೇ ಹೋಗಿ.